ತಂಗಿ ಮಗುವಿಗೆ ಎರಡನೇ ಸೂಜಿ ಬೇಡ ಅಂತಿದ್ದಾಳೆ, ಏನು ಹೇಳಲಿ?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ನನ್ನ ತಂಗಿಯನ್ನು ಕೊಟ್ಟಿರುವುದು ಮುಳಬಾಗಿಲು ಕಡೆ ಒಂದು ಹಳ್ಳಿಗೆ. ಮಗುವಿಗೆ ಈಗ ಒಂದೂವರೆ ವರ್ಷ. ಒಂಬತ್ತು ತಿಂಗಳಲ್ಲಿ ದಡಾರದ ಸೂಜಿ ಆಗಿದೆ, ಎರಡನೆಯದು ಈಗ ಆಗಬೇಕು. ಅವಳು ಬೇಡವೇ ಬೇಡ ಅಂತ ಕೂತಿದ್ದಾಳೆ. ಮೂರೂವರೆ ತಿಂಗಳ ಸೂಜಿ ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂದು, ತೊಡೆ ಕೆಂಪಗೆ ಊದಿಕೊಂಡು, ಬೆಳಗಿನ ತನಕ ಅತ್ತಿತ್ತು. ಅವಳ ಗಂಡ ಮೂರು ಗಂಟೆಗೆ ಎದ್ದು ಟೊಮೇಟೊ ಕ್ರೇಟುಗಳ ಜೊತೆ ಮಂಡಿಗೆ ಹೋಗಬೇಕು. ಮನೆಯವರೆಲ್ಲ ಅವಳ ಮೇಲೆ ರೇಗಿದ್ದರು. ಅವತ್ತಿನಿಂದ ಸೂಜಿ ಅಂದರೆ ಅವಳಿಗೆ ಆ ರಾತ್ರಿಯೇ ನೆನಪಾಗುತ್ತೆ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ತಿಂಗಳು ಅವಳ ಬೀದಿಯಲ್ಲೇ ಒಂದು ಮಗುವಿಗೆ ಅಮ್ಮ ಬಂತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ತಣ್ಣಗಿರಲಿ ಅಂತ ಮೊಸರನ್ನ, ಎಳನೀರು. ನಾಲ್ಕನೇ ದಿನ ಮಗು ಉಸಿರೆಳೆದರೆ ಪಕ್ಕೆ ಒಳಗೆ ಹೋಗುತ್ತಿತ್ತಂತೆ. ಎತ್ತಿಕೊಂಡು ಕೋಲಾರಕ್ಕೆ ಓಡಿದರು. ದಡಾರ ಹೋಗಿ ನ್ಯುಮೋನಿಯಾ ಆಗಿದೆ ಅಂದರು. ಎಂಟು ದಿನ ಆಸ್ಪತ್ರೆ. ಮಗು ಉಳಿಯಿತು. ಇದನ್ನು ಕಣ್ಣಾರೆ ಕಂಡೂ ತಂಗಿ ಹೇಳುವುದು ಒಂದೇ ಮಾತು: "ಅಮ್ಮ ನಮಗೆಲ್ಲ ಬಂದಿರಲಿಲ್ವಾ? ಬಂದು ಹೋಗುತ್ತೆ."

ಏನು ಹೇಳಿದರೆ ಕೇಳುತ್ತಾಳೆ?

ಬಂಗಾರಪೇಟೆ ಪಾನಿಪೂರಿ

ತಂಗಿಗೆ ಹೇಳುವುದಕ್ಕಿಂತ ಮೊದಲು ಅವಳ ಗಂಡನಿಗೆ ಹೇಳಿ. ಮಗುವಿಗೆ ಜ್ವರ ಬಂದರೆ ರಾತ್ರಿ ಎದ್ದು ಕೂರುವವಳು ಅವಳು, ಬೈಸಿಕೊಳ್ಳುವವಳೂ ಅವಳೇ. ಹಾಗಿದ್ದ ಮೇಲೆ ಬೇಡ ಅನ್ನದೆ ಇನ್ನೇನು ಅಂತಾಳೆ?

ಹಳೇ ಬ್ಯಾಗು

ನಾನು ಐಸ್‌ಪ್ಯಾಕ್ ಜೋಡಿಸಿದ ಲಸಿಕೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಮೂವತ್ತು ವರ್ಷ ಹಳ್ಳಿ ತಿರುಗಿದವನು. ಈಗ ರಿಟೈರ್ ಆಗಿದ್ದೇನೆ. ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

"ಬಂದು ಹೋಗುತ್ತೆ" ಅನ್ನುವವರೆಲ್ಲ ಉಳಿದವರು. ಉಳಿಯದವರು ಬಂದು ಸಾಕ್ಷಿ ಹೇಳುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಹಳ್ಳಿಯ ಅಜ್ಜಿಯರನ್ನು ನಿಮಗೆ ಎಷ್ಟು ಮಕ್ಕಳಮ್ಮಾ ಅಂತ ಕೇಳಿದರೆ ಎರಡು ಲೆಕ್ಕ ಕೊಡುತ್ತಿದ್ದರು. "ಹೆತ್ತಿದ್ದು ಎಂಟು, ಉಳಿದಿದ್ದು ಐದು." ಆ ಮೂರು ಎಲ್ಲಿ ಹೋದವು ಅಂತ ಕೇಳಿದರೆ ಒಂದಕ್ಕೆ ಅಮ್ಮ, ಒಂದಕ್ಕೆ ನಾಯಿಕೆಮ್ಮು, ಇನ್ನೊಂದು ಹುಟ್ಟಿ ಏಳೆಂಟು ದಿನಕ್ಕೆ ಮೈ ಬಿಲ್ಲಿನ ಹಾಗೆ ಸೆಟೆದುಕೊಂಡು ಹೋಯಿತು ಅನ್ನುವರು. ಕೊನೆಯದು ಧನುರ್ವಾಯು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದರೆ ಬರುತ್ತಿತ್ತು. ಈಗಿನ ತಾಯಂದಿರಿಗೆ ಆ ಎರಡನೇ ಲೆಕ್ಕವೇ ಗೊತ್ತಿಲ್ಲ. ಒಳ್ಳೆಯದೇ. ಆದರೆ ಭಯವೂ ಅದರ ಜೊತೆಗೇ ಹೋಯಿತು.

ಇನ್ನೊಂದು ಮಾತು. ನಮ್ಮ ಕಡೆ ದಡಾರಕ್ಕೂ ಅಮ್ಮ, ಸೀತಾಳೆ ಸಿಡುಬಿಗೂ ಅಮ್ಮ. ನಿಮ್ಮ ತಂಗಿ ನೆನಪು ಮಾಡಿಕೊಳ್ಳುತ್ತಿರುವುದು ಬಹುಶಃ ಸೀತಾಳೆ ಇರಬಹುದು. ನೀರು ಗುಳ್ಳೆ ಎದ್ದು, ತುರಿಸಿ, ಒಣಗಿ ಉದುರುತ್ತಲ್ಲ, ಅದು. ದಡಾರ ಬೇರೆ. ಮೊದಲು ಜೋರು ಜ್ವರ, ಕೆಮ್ಮು, ಮೂಗು ಸುರಿಯುವುದು, ಕಣ್ಣು ಕೆಂಪು. ಮೂರ್ನಾಲ್ಕು ದಿನ ಆದ ಮೇಲೆ ಮುಖದಿಂದ ಕೆಳಕ್ಕೆ ಕೆಂಪು ದದ್ದು ಇಳಿಯುತ್ತೆ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆ ತನಕ ಆ ಕೋಣೆಯ ಗಾಳಿಯಲ್ಲಿ ವೈರಸ್ ಇರುತ್ತೆ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಜನಕ್ಕೆ ಹಬ್ಬುತ್ತೆ. ಜ್ವರ ಬಿಟ್ಟ ಮೇಲೂ ಕಥೆ ಮುಗಿಯುವುದಿಲ್ಲ. ಹಳೇ ರೋಗಗಳ ವಿರುದ್ಧ ಮೈ ಕಲಿತಿದ್ದ ಪಾಠವನ್ನೇ ಅದು ಅಳಿಸಿಬಿಡುತ್ತೆ. ಆಮೇಲೆ ತಿಂಗಳುಗಟ್ಟಲೆ ಮಗುವಿಗೆ ಒಂದಾದ ಮೇಲೊಂದು ಕಾಯಿಲೆ. ಅದಕ್ಕೇ ಹಿಂದಿನವರು "ಅಮ್ಮ ಬಂದು ಹೋದ ಮೇಲೆ ಮಗು ಏಳಲೇ ಇಲ್ಲ" ಅನ್ನುತ್ತಿದ್ದರು. ಸುಮ್ನೆ ಹೇಳಿದ ಮಾತಲ್ಲ ಅದು.

ಬೇವಿನ ಸೊಪ್ಪು ಕಟ್ಟಲಿ, ನನ್ನದೇನೂ ತಕರಾರಿಲ್ಲ. ಅದನ್ನು ನೋಡಿ ಬೇರೆ ಮಕ್ಕಳು ಆ ಮನೆಗೆ ಹೋಗುವುದಿಲ್ಲ, ಅಷ್ಟು ಉಪಕಾರ. ಆದರೆ ಒಗ್ಗರಣೆ ಬಿಟ್ಟು, ಎಣ್ಣೆ ಬಿಟ್ಟು ಮಗುವನ್ನು ಉಪವಾಸ ಕೆಡವಬೇಡಿ. ದಡಾರ ಬಂದ ಮಗುವಿಗೆ ವಿಟಮಿನ್ ಎ ಕೊಡಿಸಲೇಬೇಕು. ಇಲ್ಲದಿದ್ದರೆ ಕಣ್ಣಿಗೆ ಹೊಡೆತ.

ಪ್ರಶ್ನೆಪ್ಪ

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ನಾನು ಲಸಿಕೆ ವಿರೋಧಿ ಅಲ್ಲ. ಆದರೆ ಪ್ರಶ್ನೆ ಕೇಳಿದವನನ್ನು ದಡ್ಡ ಅನ್ನುವುದನ್ನು ಮೊದಲು ನಿಲ್ಲಿಸಿ.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಇದೇ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಪೇಪರಿನಲ್ಲಿ ಬಂದಿತ್ತು. ಹೋದ ವರ್ಷ ಮೇಘಾಲಯದಲ್ಲಿ ಪೋಲಿಯೋ ಬಂತಲ್ಲ, ಹನಿಯಿಂದಲೇ ಬಂದ ವೈರಸ್ ಅಂದರು. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗ ಕೋವಿಡ್ ಲಸಿಕೆ ಅಂದರು, ಆಮೇಲೆ ಅಲ್ಲ ಅಂದರು. ಜನ ಯಾವುದನ್ನು ನಂಬಬೇಕು?

ಚಿಂತಾಮಣಿ ಸ್ಟೆತ್

ಮಕ್ಕಳ ಡಾಕ್ಟರ್ ನಾನು. ಪ್ರಶ್ನೆಪ್ಪ ಅವರ ಪ್ರಶ್ನೆಗಳು ನ್ಯಾಯವಾದವು. ಒಂದು ಸಣ್ಣ ತಿದ್ದುಪಡಿ, ಮೇಘಾಲಯದ್ದು 2024ರಲ್ಲಿ.

ರಾಮದುರ್ಗದ್ದು ನಡೆದದ್ದೇ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಆದರೆ ಅಲ್ಲಿ ತಪ್ಪಿದ್ದು ಲಸಿಕೆಯನ್ನು ಇಟ್ಟ, ಬಳಸಿದ ರೀತಿ. ದಡಾರದ ಲಸಿಕೆ ಪುಡಿಯಾಗಿ ಬರುತ್ತೆ. ಅದಕ್ಕೆ ನೀರು ಬೆರೆಸಿದ ಮೇಲೆ ನಾಲ್ಕೇ ಗಂಟೆ ಆಯಸ್ಸು. ಆಮೇಲೆ ಸೀಸೆಯಲ್ಲಿ ಎಷ್ಟೇ ಮಿಕ್ಕಿದ್ದರೂ ಚೆಲ್ಲಬೇಕು. ನಾಳೆಗೆ ಅಂತ ಇಟ್ಟುಕೊಂಡರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷವಾಗುತ್ತೆ. ಹಾಗಾಗಿ ನೀವು ಪ್ರಶ್ನೆ ಕೇಳಬೇಕಾದ ಜಾಗ ಇದು: "ಈ ಸೀಸೆ ಎಷ್ಟು ಗಂಟೆಗೆ ಒಡೆದಿದ್ದು?" ಸೀಸೆಯ ಮೇಲೆ ಸಮಯ ಬರೆದಿರಬೇಕು. ಇನ್ನೊಂದು ಗುರುತೂ ಇದೆ. ಸೀಸೆಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ಬಿಳಿ ಚೌಕ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತೆ. ಸುತ್ತಲಿನ ಬಣ್ಣಕ್ಕೆ ಸಮ ಆಯಿತು ಅಂದರೆ ಆ ಲಸಿಕೆ ಕೆಲಸಕ್ಕೆ ಬಾರದು. ಓದು ಬರಹ ಬೇಡ, ಕಣ್ಣಿದ್ದರೆ ಸಾಕು. ತೋರಿಸಿ ಅಂತ ಕೇಳಿ. ಕೇಳಿದರೆ ಯಾರಾದರೂ ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಸಮೋವಾ ಅಂತ ಒಂದು ಪುಟ್ಟ ದ್ವೀಪ ದೇಶ. 2018ರಲ್ಲಿ ಅಲ್ಲೂ ಹೀಗೇ ಆಯಿತು. ನರ್ಸ್‌ಗಳು ನೀರಿನ ಬದಲು ಬೇರೆ ಔಷಧಿ ಬೆರೆಸಿಬಿಟ್ಟರು, ಎರಡು ಕೂಸು ಹೋದವು. ಜನ ಸಿಟ್ಟಾದರು, ಸರ್ಕಾರವೂ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು. ಮರುವರ್ಷ ದಡಾರ ಬಂತು. ಎರಡು ಲಕ್ಷ ಜನರಿರುವ ದೇಶದಲ್ಲಿ 83 ಸಾವು. ಹೆಚ್ಚಿನವು ಐದು ವರ್ಷದೊಳಗಿನ ಮಕ್ಕಳು. ಜನಸಂಖ್ಯೆಯಲ್ಲಿ ನಮ್ಮ ಚಿಂತಾಮಣಿ ತಾಲ್ಲೂಕಿಗಿಂತ ಚಿಕ್ಕ ದೇಶ ಅದು.

ಪೋಲಿಯೋ ಹನಿಯ ವಿಷಯವೂ ನಿಜ. ಹನಿಯಲ್ಲಿರುವುದು ಬಲ ಕಳೆದುಕೊಂಡ ಜೀವಂತ ವೈರಸ್. ಲಸಿಕೆ ಹಾಕಿಸದ ಮಕ್ಕಳು ಜಾಸ್ತಿ ಇರುವ ಜಾಗದಲ್ಲಿ ಅದು ಒಬ್ಬರಿಂದೊಬ್ಬರಿಗೆ ತಿರುಗುತ್ತಾ ತಿರುಗುತ್ತಾ ಅಪರೂಪಕ್ಕೆ ಮತ್ತೆ ಬಲ ಪಡೆಯುತ್ತೆ. ಅದಕ್ಕೇ 2015ರ ಕೊನೆಯಿಂದ ಪೋಲಿಯೋ ಸೂಜಿಯೂ ಸೇರಿತು. ಅದರಲ್ಲಿರುವುದು ಸತ್ತ ವೈರಸ್. 2016ರಲ್ಲಿ ಹನಿಯಿಂದ ಎರಡನೇ ಮಾದರಿಯ ವೈರಸ್ಸನ್ನು ತೆಗೆದರು. ಹಾಸನದ ವಿಷಯಕ್ಕೆ ಬಂದರೆ, ರಾಜ್ಯದ ತಜ್ಞರ ಸಮಿತಿ ಕೋವಿಡ್ ಲಸಿಕೆಗೂ ಆ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಆದರೆ ಸುದ್ದಿ ಓಡಿದ ವೇಗದಲ್ಲಿ ವರದಿ ಓಡಲಿಲ್ಲ. ಆಗ ನನ್ನ ಕ್ಲಿನಿಕ್ಕಿಗೆ ಬಂದು ಆರು ವಾರದ ಕೂಸಿನ ಸೂಜಿಗೂ ಹೃದಯಕ್ಕೂ ಏನಾದರೂ ಉಂಟಾ ಅಂತ ಕೇಳಿದವರಿದ್ದಾರೆ.

ತಂಗಿಯ ಮಗುವಿನ ಜ್ವರದ ವಿಷಯ. ಮೂರೂವರೆ ತಿಂಗಳಿನದು ಪೆಂಟಾ, ಐದು ರೋಗಗಳಿಗೆ ಒಂದೇ ಸೂಜಿ. ಅದರಲ್ಲಿರುವ ನಾಯಿಕೆಮ್ಮಿನ ಭಾಗದಿಂದ ಜ್ವರ, ಊತ. ಒಂದೂವರೆ ವರ್ಷಕ್ಕೆ ದಡಾರದ ಎರಡನೆಯದರ ಜೊತೆ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ ಕೂಡ ಇರುತ್ತೆ. ಹಾಗಾಗಿ ಈ ಸಲವೂ ಜ್ವರ ಬರಬಹುದು. ಬರಲ್ಲ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಬರಬಹುದು, ಒಂದೆರಡು ದಿನ ಇರುತ್ತೆ, ತೂಕಕ್ಕೆ ತಕ್ಕ ಹಾಗೆ ಬರೆದುಕೊಟ್ಟ ಪ್ಯಾರಾಸಿಟಮಾಲ್ ಕೊಡಿ ಅಂತ ಹೇಳಿ. ದಡಾರದ ಸೂಜಿಯ ಜ್ವರ ಬಂದರೆ ಒಂದು ವಾರ ಬಿಟ್ಟು ಬರುತ್ತೆ. ಫಿಟ್ಸ್ ಬಂದರೆ, ಮಗು ಮಂಕಾದರೆ, ಹಾಲು ಕುಡಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಬನ್ನಿ.

ಎಡಗಾಲು, ಕೆಜಿಎಫ್

ಪೋಲಿಯೋ ಮಾತು ಬಂತಲ್ಲ, ಬರೆಯುತ್ತೇನೆ. ಪಲ್ಸ್ ಪೋಲಿಯೋ ಶುರುವಾಗಿದ್ದು 1995ರಲ್ಲಿ. ನನಗೆ ಆಗ ಹದಿನಾರು. ನಮ್ಮ ಕ್ಲಾಸಿನಲ್ಲಿ ಕಾಲಿಗೆ ಕ್ಯಾಲಿಪರ್ (ಆಸರೆಯ ಪಟ್ಟಿ) ಹಾಕುತ್ತಿದ್ದವರು ನಾವು ಮೂವರು. ಕಬಡ್ಡಿಯಲ್ಲಿ ಮೂವರೂ ಪಾಯಿಂಟ್ ಬರೆಯುವವರು.

ದೇಶದಲ್ಲಿ ಹನಿಯಿಂದಲ್ಲದ, ಮೂಲ ಪೋಲಿಯೋ ವೈರಸ್ಸಿನ ಕೊನೇ ಕೇಸು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟು ಬಂತು. ಈಗ ನನ್ನ ಮಗನ ಕ್ಲಾಸಿನವರು ನನ್ನನ್ನು ನೋಡಿ "ಅಂಕಲ್‌ಗೆ ಆಕ್ಸಿಡೆಂಟ್ ಆಗಿತ್ತಾ?" ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ. ಆ ಮಕ್ಕಳಿಗೆ ಇನ್ನೊಂದು ಕಾರಣ ಹೊಳೆಯುವುದೇ ಇಲ್ಲ ಅನ್ನುವುದು ನನಗೆ ಒಂಥರಾ ಖುಷಿ.

ಲೆಕ್ಕದ ಮೇಷ್ಟ್ರು

ಲಸಿಕೆ ಹಾಕಿಸುವವರು ಬರೀ ಕಡಿಮೆಯಾಗುತ್ತಲೇ ಇದ್ದಾರೆ ಅಂತ ಎಷ್ಟೋ ಜನ ಅನ್ನುತ್ತಾರೆ, ಅದು ಪೂರ್ತಿ ಸರಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೂ ಡಿಪಿಟಿ ಡೋಸ್ ಕಾಣದ ಕೂಸುಗಳು 2021ರಲ್ಲಿ 27 ಲಕ್ಷ. ಕೋವಿಡ್ ಹೊಡೆತ ಅದು. 2022ರಲ್ಲಿ 11 ಲಕ್ಷಕ್ಕೆ ಇಳಿಯಿತು. 2023ರಲ್ಲಿ ಮತ್ತೆ 16 ಲಕ್ಷ. 2024ರಲ್ಲಿ 9 ಲಕ್ಷ. ಏರಿಳಿತ ನೋಡಿ. ಆದರೆ ಒಂದು ವರ್ಷ ತಪ್ಪಿಹೋದ ಮಕ್ಕಳು ಮರುವರ್ಷದ ಲೆಕ್ಕದಲ್ಲಿ ಬರುವುದಿಲ್ಲ. ಅವರು ಬೆಳೆದು ಅಂಗನವಾಡಿಯಲ್ಲಿ ಒಟ್ಟಿಗೆ ಕೂತಿರುತ್ತಾರೆ. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಎದ್ದಿದ್ದು ಕೋವಿಡ್ ವರ್ಷಗಳ ಬೆನ್ನಿಗೇ ಅಲ್ವಾ?

ಎರಡನೇ ಡೋಸ್ ಯಾಕೆ ಅಂತ ತಂಗಿಗೆ ಹೇಳಲು ಒಂದು ಸುಲಭ ಲೆಕ್ಕ. ಊರಲ್ಲಿ ನೂರು ಮಕ್ಕಳು, ತೊಂಬತ್ತು ಮಂದಿಗೆ ಒಂಬತ್ತು ತಿಂಗಳ ಸೂಜಿ ಆಗಿದೆ ಅನ್ನಿ. ತುಂಬಾ ಚೆನ್ನಾಗಿದೆ ಅನ್ನಿಸುತ್ತೆ. ಆದರೆ ಆ ವಯಸ್ಸಿನಲ್ಲಿ ಒಂದು ಡೋಸ್ ನಾಟುವುದು ನೂರಕ್ಕೆ 85 ಮಕ್ಕಳಿಗೆ. ಅಂದರೆ ತೊಂಬತ್ತರಲ್ಲಿ 76. ಮಿಕ್ಕ 24 ಮಕ್ಕಳು ಬರಿಗೈಯಲ್ಲಿ. ಎರಡನೆಯದೂ ಆದರೆ ಸುಮಾರು 87 ಮಕ್ಕಳಿಗೆ ರಕ್ಷಣೆ. ದಡಾರ ಹಬ್ಬದೆ ನಿಲ್ಲಬೇಕಾದರೆ 95 ಬೇಕು. ನಮ್ಮ ತೊಂಬತ್ತೇ ಸಾಲದು.

ಕೆನಡಾ ಅಂಥ ಶ್ರೀಮಂತ ದೇಶವೇ 2025ರ ನವೆಂಬರಿನಲ್ಲಿ ದಡಾರ ಮುಕ್ತ ಅನ್ನುವ ಹೆಸರು ಕಳೆದುಕೊಂಡಿತು.

ಕೆರೆಕೋಡಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೂ ಕೋಲಾರದವರು ತಿಳಿದುಕೊಳ್ಳಬೇಕು. ಮಿದುಳು ಜ್ವರ ನಮ್ಮ ಜಿಲ್ಲೆಯ ಹಳೇ ಶನಿ. ಕೆರೆ ಕೆಳಗಿನ ಗದ್ದೆಯಲ್ಲಿ ನೀರು ನಿಂತರೆ ಕ್ಯೂಲೆಕ್ಸ್ ಸೊಳ್ಳೆ. ಬೆಳ್ಳಕ್ಕಿಯಿಂದ ಸೊಳ್ಳೆ ಮೂಲಕ ಹಂದಿಗೆ, ಹಂದಿಯಿಂದ ಮತ್ತೆ ಸೊಳ್ಳೆಗೆ, ಸೊಳ್ಳೆಯಿಂದ ಮಕ್ಕಳಿಗೆ. ಜಪಾನೀಸ್ ಎನ್ಸೆಫಲೈಟಿಸ್ ಅಂತಾರೆ. ಬದುಕುಳಿದ ಮಕ್ಕಳಲ್ಲೂ ಎಷ್ಟೋ ಮಂದಿಗೆ ಮಾತು ಇಲ್ಲ, ಕೈಕಾಲು ಸ್ವಾಧೀನ ಇಲ್ಲ.

1980ರ ದಶಕದ ಶುರುವಿನಲ್ಲಿ ಪುಣೆಯ ವೈರಾಣು ಸಂಸ್ಥೆಯವರು ಇಲ್ಲಿಂದ ಒಂದು ವೈರಸ್ ತೆಗೆದುಕೊಂಡು ಹೋದರು. ಅದನ್ನೇ ಬಳಸಿ ಭಾರತ್ ಬಯೋಟೆಕ್ ಮಾಡಿದ ಲಸಿಕೆ ಜೆನ್‌ವ್ಯಾಕ್. 2013ರಲ್ಲಿ ಹೊರಬಂತು. ಅದಕ್ಕೆ ಈಗಲೂ ಕೋಲಾರ ಸ್ಟ್ರೈನ್ ಅಂತಲೇ ಹೆಸರು. ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷ ಆಯಿತು, ದೇಶಕ್ಕೆ ನಾವು ಕೊಟ್ಟ ಇನ್ನೊಂದು ವಸ್ತುವಿನ ಬಗ್ಗೆ ಇಲ್ಲಿ ಯಾರಿಗೂ ಗೊತ್ತೇ ಇಲ್ಲ. ತಂಗಿಯ ಮಗುವಿಗೆ ಈ ಮಿದುಳು ಜ್ವರದ ಎರಡನೇ ಡೋಸ್ ಕೂಡ ಇದೇ ಭೇಟಿಯಲ್ಲಿ ಆಗಬೇಕು, ನೆನಪಿರಲಿ.

ಗೂಡಿನ ಲೆಕ್ಕ, ಮಾಲೂರು

ಇಟ್ಟಿಗೆ ಗೂಡಿನಲ್ಲಿ ಲೆಕ್ಕ ಬರೆಯುತ್ತೇನೆ. ಒಡಿಶಾದಿಂದ, ರಾಯಚೂರು ಕಡೆಯಿಂದ ಕುಟುಂಬ ಸಮೇತ ಬರುತ್ತಾರೆ. ಮಳೆ ಶುರುವಾದರೆ ವಾಪಸ್. ಕಾರ್ಡು ಊರಲ್ಲಿ, ಮಗು ಇಲ್ಲಿ. ಗುರುವಾರ ಸೂಜಿ ಹಾಕಿಸಲು ಹೋದರೆ ಅವತ್ತಿನ ಇಟ್ಟಿಗೆ ಲೆಕ್ಕ ಹೋಯಿತು. ಗಂಡ ಹೆಂಡತಿ ಜೋಡಿಯಾಗಿ ಕೆಲಸ ಮಾಡಿದರೆ ಮಾತ್ರ ಕೂಲಿ ಗಿಟ್ಟುವುದು. ಇವರಿಗೆ ವಾಟ್ಸಾಪ್ ವದಂತಿ ಯಾವುದೂ ಗೊತ್ತಿಲ್ಲ. ಸೂಜಿ ಗೂಡಿನ ಹತ್ತಿರ ಬಂದರೆ ಹಾಕಿಸುತ್ತಾರೆ. ಬರದಿದ್ದರೆ ಇಲ್ಲ.

ಗುರುವಾರದಕ್ಕ

ಆಶಾ ಕಾರ್ಯಕರ್ತೆ ನಾನು. ಗೂಡಿನ ಲೆಕ್ಕದವರ ಮಾತು ನೂರಕ್ಕೆ ನೂರು. 2017ರ ಫೆಬ್ರುವರಿಯಲ್ಲಿ ಎಂಆರ್ (ದಡಾರ-ರುಬೆಲ್ಲಾ) ಅಭಿಯಾನ ನಡೆದಾಗ "ಈ ಸೂಜಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ" ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಸ್ಕೂಲಿನ ಗೇಟಿನಿಂದ ಮಕ್ಕಳನ್ನು ಎಳೆದುಕೊಂಡು ಹೋದವರನ್ನು ನೋಡಿದ್ದೇನೆ. ನಿಜ ಹೇಳಬೇಕೆಂದರೆ ಉಲ್ಟಾ. ಬಸುರಿಗೆ ರುಬೆಲ್ಲಾ ಬಂದರೆ ಹುಟ್ಟುವ ಕೂಸಿಗೆ ಕಣ್ಣಲ್ಲಿ ಪೊರೆ, ಕಿವುಡು, ಹೃದಯದಲ್ಲಿ ತೂತು. ಆದರೆ ಅಂಥ ಹಟದವರು ನನ್ನ ಪಟ್ಟಿಯಲ್ಲಿ ಬೆರಳೆಣಿಕೆ. ತಪ್ಪಿ ಹೋಗುವವರೇ ಜಾಸ್ತಿ.

ಹೇಗೆ ತಪ್ಪುತ್ತೆ ಹೇಳಲಾ? ಹೆಣ್ಣುಮಗಳು ಹೆರಿಗೆಗೆ ತವರಿಗೆ ಬರುತ್ತಾಳೆ. ತಾಯಿ ಕಾರ್ಡು, ಹುಟ್ಟಿದ ಸೂಜಿ, ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ, ಎಲ್ಲ ತವರಿನ ಲೆಕ್ಕದಲ್ಲಿ. ಆಮೇಲೆ ಗಂಡನ ಮನೆಗೆ ಹೋಗುತ್ತಾಳೆ. ತವರಿನ ಆಶಾ "ಹೋದಳು" ಅಂತ ಬರೆದುಕೊಳ್ಳುತ್ತಾಳೆ. ಅಲ್ಲಿನ ಆಶಾಗೆ ಮಗು ಬಂದಿದ್ದೇ ಗೊತ್ತಿರುವುದಿಲ್ಲ. ಎರಡು ಊರಿನ ಪಟ್ಟಿಯ ನಡುವೆ ಮಗು ಜಾರಿಬಿಡುತ್ತೆ. ಯು-ವಿನ್ (ಲಸಿಕೆ ಲೆಕ್ಕ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ಬಂದ ಮೇಲೆ ಮೊಬೈಲ್ ನಂಬರ್ ಹಾಕಿದರೆ ಹಳೇದೆಲ್ಲ ಸಿಗಬೇಕು. ಆದರೆ ಗಂಡ ಸಿಮ್ ಬದಲಾಯಿಸಿರುತ್ತಾನಲ್ಲ!

ಮಾವಿನತೋಪು ಅವರೇ, ಒಂದು ಕೇಳಲಾ? ತಂಗಿ ಹತ್ತಿರ ಕಾರ್ಡ್ ಇದೆಯಾ?

ಮಾವಿನತೋಪು, ಶ್ರೀನಿವಾಸಪುರ

ಗುರುವಾರದಕ್ಕ, ನಿಮಗೆ ಹೇಗೆ ಗೊತ್ತಾಯಿತು?

ನಿನ್ನೆ ಫೋನ್ ಮಾಡಿ ಜ್ವರದ ಬಗ್ಗೆ ಡಾಕ್ಟರ್ ಬರೆದಿದ್ದನ್ನು ಓದಿ ಹೇಳಿದೆ. ಹೂಂ ಹೂಂ ಅಂದಳು. ಕಾರ್ಡ್ ತೆಗೆದಿಡು ಅಂದೆ. ಸುಮ್ಮನಾದಳು. ಆಮೇಲೆ ಅತ್ತಳು. ಕಾರ್ಡ್ ಕಳೆದು ಆರು ತಿಂಗಳಾಗಿದೆ. ಹಿಂದೊಮ್ಮೆ ಕಾರ್ಡ್ ಮರೆತು ಹೋದಾಗ ಎಲ್ಲರ ಎದುರಿಗೆ "ಓದಿದವಳಾಗಿ ಒಂದು ಕಾರ್ಡ್ ಇಟ್ಟುಕೊಳ್ಳೋಕೆ ಬರಲ್ವಾ?" ಅಂತ ಬೈಸಿಕೊಂಡಿದ್ದಾಳೆ. ಈಗ ಕಳೆದೇ ಹೋಗಿದೆ ಅಂದರೆ ಇನ್ನೇನು ಅನ್ನುತ್ತಾರೋ, ಮೊದಲಿಂದ ಎಲ್ಲ ಸೂಜಿ ಮತ್ತೆ ಹಾಕುತ್ತಾರೋ ಅಂತ ಭಯ. ಅಮ್ಮ ಬಂದು ಹೋಗುತ್ತೆ ಅಂದಿದ್ದೆಲ್ಲ ಸುಮ್ನೆ ಬಾಯಿ ಮಾತು.

ನಾನೋ ಇಲ್ಲಿ ವಿಜ್ಞಾನ ಒಟ್ಟು ಮಾಡುತ್ತಿದ್ದೆ.

ಗುರುವಾರದಕ್ಕ

ಮತ್ತೆ ಮೊದಲಿಂದ ಹಾಕುವುದಿಲ್ಲ. ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಮುಂದೆ. ಕಾರ್ಡ್ ಸಿಗದಿದ್ದರೆ ಹೊಸದು ಬರೆದುಕೊಡುತ್ತಾರೆ. ತವರಿನ ಉಪಕೇಂದ್ರದ ರಿಜಿಸ್ಟರಿನ ಪುಟವನ್ನು ಫೋಟೋ ತೆಗೆಸಿ ಕಳಿಸಿ, ಸಾಕು. ಅಲ್ಲಿನ ಆಶಾಗೆ ಮೊದಲೇ ಒಂದು ಮಾತು ಹೇಳಿಡಿ, ಅವಳು ಜೊತೆಗೆ ನಿಲ್ಲುತ್ತಾಳೆ. ಬೈಯುವುದು ನಮ್ಮವರ ಕೆಟ್ಟ ಚಾಳಿ, ಒಪ್ಪುತ್ತೇನೆ. ಒಂದು ದಿನಕ್ಕೆ ನಲವತ್ತು ಮಕ್ಕಳು ಅತ್ತರೆ ಯಾರ ತಲೆಯೂ ನೆಟ್ಟಗಿರಲ್ಲ. ಆದರೂ ಬೈಯಬಾರದು.

ಹಳೇ ಬ್ಯಾಗು

ನಾನೂ ಬೈದಿದ್ದೇನೆ. ಎಷ್ಟು ಜನ ಆಮೇಲೆ ಬರಲೇ ಇಲ್ಲವೋ, ಲೆಕ್ಕ ಇಟ್ಟಿಲ್ಲ.

ಪ್ರಶ್ನೆಪ್ಪ

ಚೌಕ-ವೃತ್ತದ ವಿಷಯ ಗೊತ್ತಿರಲಿಲ್ಲ. ನೋಡುತ್ತೇನೆ.

ಇರಲಿ. ನನ್ನ ಮಗಳಿಗೆ ಆರೂ ಮುಕ್ಕಾಲು ವರ್ಷ. ಐದು ವರ್ಷದ್ದು ಆಗಿಲ್ಲ. ಈಗಲೂ ಹಾಕುತ್ತಾರಾ?

ಚಿಂತಾಮಣಿ ಸ್ಟೆತ್

ಡಿಪಿಟಿ ಏಳು ವರ್ಷ ತುಂಬುವ ತನಕ. ಇನ್ನು ಮೂರು ತಿಂಗಳಿದೆ ನಿಮಗೆ, ಕಾಯಬೇಡಿ. ಬೂಸ್ಟರ್ ತಪ್ಪಿದ ಆರು, ಎಂಟು, ಹತ್ತು ವರ್ಷದ ಮಕ್ಕಳಲ್ಲೇ ಈಗ ಗಂಟಲುಮಾರಿ ಕಾಣುವುದು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ, ಕುತ್ತಿಗೆ ಗೂಳಿಯ ಹಾಗೆ ಊದಿಕೊಂಡು ಬರುತ್ತಾರೆ. ಅದರ ವಿಷ ಹೃದಯಕ್ಕೆ ಇಳಿಯುತ್ತೆ. ಆ ವಿಷಕ್ಕೆ ಕೊಡುವ ಮದ್ದನ್ನು ಕುದುರೆಯ ರಕ್ತದಿಂದ ಮಾಡುತ್ತಾರೆ, ಬೇಕೆಂದಾಗ ಎಲ್ಲ ಕಡೆ ಸಿಗುವುದಿಲ್ಲ. ಲಸಿಕೆ ಮಾತ್ರ ಪ್ರತಿ ಗುರುವಾರ ಸಿಗುತ್ತೆ, ಪುಕ್ಕಟೆ.

ಮಾವಿನತೋಪು, ಶ್ರೀನಿವಾಸಪುರ

ಕಾರ್ಡ್ ಸಿಕ್ಕಿತು. ನಮ್ಮ ಅಮ್ಮನ ಮನೆಯಲ್ಲೇ ಇತ್ತು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ, ಹಳೇ ಕರೆಂಟ್ ಬಿಲ್ಲುಗಳ ಮಧ್ಯೆ. ಇವತ್ತು ಗುರುವಾರ ನಾನೇ ಜೊತೆಗೆ ಹೋಗಿದ್ದೆ. ಎರಡು ತೊಡೆಗೂ, ಕೈಗೂ ಸೂಜಿ, ಬಾಯಿಗೆ ಎರಡು ಹನಿ. ಅರ್ಧ ಗಂಟೆ ಅಲ್ಲೇ ಕೂರಿಸಿದರು. ಯಾರೂ ಬೈಯಲಿಲ್ಲ. ಸೀಸೆ ತೋರಿಸಿ ಅಂದಾಗ ಸಿಸ್ಟರ್ ನಕ್ಕು ತೋರಿಸಿದರು. ಚೌಕ ಬೆಳ್ಳಗೇ ಇತ್ತು.

ಈಗ ರಾತ್ರಿ ಹನ್ನೊಂದು. ಮಗುವಿಗೆ ಜ್ವರ 101. ಸಿರಪ್ ಕೊಟ್ಟಾಗಿದೆ. ತಂಗಿ ಮಲಗಿದ್ದಾಳೆ, ಅವಳ ಗಂಡ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದಾನೆ. ನಾಳೆಯ ಕ್ರೇಟುಗಳನ್ನು ತಮ್ಮನ ಕೈಲಿ ಕಳಿಸುತ್ತಾನಂತೆ.